ನಾಲ್ಕು ಪಾಲಾದ ಪುಸ್ತಕ

ಮೇ ತಿಂಗಳ ಮೊದಲ ವಾರ ಕಳೆಯುವಷ್ಟರಲ್ಲಿ ದಾದರಿನ ಶಾಲೆಗಳಿಗೆ ಬೀಗ ಬಿದ್ದಿರುತ್ತದೆ. ಸ್ಟೇಶನ್ನಿನ ಪಶ್ಚಿಮ ದಿಕ್ಕಿನ ಬೀದಿಗಳಲ್ಲಿ ಹಾಪೂಸ್ ಮಾವಿನ ಪೆಟ್ಟಿಗೆಗಳೂ ಊರಿಗೆ ಹೊರಟವರ ಗಂಟುಮೂಟೆಗಳೂ ಒಂದಕ್ಕೊಂದು ತಾಗಿಕೊಂಡು ಸಾಗುತ್ತವೆ. ಈ ಗದ್ದಲದ ನಡುವೆ ಮಕ್ಕಳ ಬೆನ್ನಚೀಲದೊಳಗೆ ಒಂದು ಕಾಗದವೂ ಮನೆ ಸೇರುತ್ತದೆ: ರಜೆಯಲ್ಲಿ ಓದಿ ಮುಗಿಸಬೇಕಾದ ಇಂಗ್ಲಿಷ್ ಪುಸ್ತಕಗಳ ಪಟ್ಟಿ. ಈ ಬರಹವನ್ನು ಸೇರಿ ಬರೆಯುತ್ತಿರುವ ನಮ್ಮಿಬ್ಬರಲ್ಲಿ ಒಬ್ಬರ ಮೊಮ್ಮಗ ಈ ವರ್ಷ ಒಂಬತ್ತನೆಯ ತರಗತಿಗೆ ಕಾಲಿಡುವವನು. ಅವನ ಪಟ್ಟಿಯಲ್ಲಿ ಆರು ಕಾದಂಬರಿಗಳಿದ್ದವು. ಎರಡನ್ನು ಆರಿಸಿಕೊಳ್ಳಬೇಕು, ಒಂದೊಂದಕ್ಕೂ ಒಂದು ಪುಟದ ಕಥಾಸಾರ ಬರೆಯಬೇಕು, ಹೊದಿಕೆಯ ಚಿತ್ರ ಬಿಡಿಸಬೇಕು. ಕಡೆಯ ಸೂಚನೆ ಹೀಗಿತ್ತು: ಕಥೆಗೆ ನಿಮ್ಮದೇ ಆದ ಬೇರೊಂದು ಮುಕ್ತಾಯವನ್ನು ಬರೆಯಿರಿ. ಪಟ್ಟಿಯ ನಾಲ್ಕನೆಯ ಹೆಸರು ಚಾರ್ಲ್ಸ್ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’.

ಆ ಕಾಗದವನ್ನು ನಾವಿಬ್ಬರೂ ಶಿವಾಜಿ ಪಾರ್ಕಿನ ಕಟ್ಟೆಯ ಮೇಲೆ ಕುಳಿತು ಓದಿದೆವು. ಓದಿ ಮಡಿಸಿ ಕಿಸೆಗೆ ಹಾಕಿಕೊಂಡ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಇದೇ ಪುಸ್ತಕಕ್ಕೆ ಬೇರೊಂದು ಮುಕ್ತಾಯವನ್ನು ನಾವು 1970ರ ಜೂನ್ ತಿಂಗಳಲ್ಲಿಯೇ ಬರೆದು ಒಪ್ಪಿಸಿದ್ದೆವು. ಆಗ ಯಾರೂ ಹಾಗೆ ಬರೆಯಲು ಹೇಳಿರಲಿಲ್ಲ. ನಿಜವಾದ ಮುಕ್ತಾಯ ನಮ್ಮ ಬಳಿ ಇರಲಿಲ್ಲ, ಅದಕ್ಕೆ ಬರೆದೆವು. ಅದು ಏಕಿರಲಿಲ್ಲ ಎಂಬುದನ್ನು ನಾವು ಈವರೆಗೆ ಯಾರಿಗೂ ಹೇಳಿಲ್ಲ.

ಈ ಬರಹದ ‘ನಾವು’ ಎಂಬುದು ಆಗ ನಾಲ್ವರು, ಆಮೇಲೆ ಮೂವರು, ಈಗ ಇಬ್ಬರು. ಕಾರ್ಕಳದವನೊಬ್ಬ, ಕುಂಬಳೆಯವನೊಬ್ಬ, ಅಂಕೋಲೆಯವನೊಬ್ಬ, ಮರವಂತೆಯವನೊಬ್ಬ. ದಾದರ್ ಪಶ್ಚಿಮದ ಒಂದು ಉಡುಪಿ ಹೋಟೆಲಿನ ಅಟ್ಟದ ಮೇಲೆ ನಮ್ಮ ನಾಲ್ವರ ಚಾಪೆಗಳೂ ನಾಲ್ಕು ತಗಡಿನ ಪೆಟ್ಟಿಗೆಗಳೂ ಇದ್ದವು. ಬೆಳಿಗ್ಗೆ ಐದಕ್ಕೆ ಏಳುವುದು. ಮೋರಿಯಲ್ಲಿ ಕಪ್ಪುಬಸಿ ತೊಳೆಯುವುದರಿಂದ ಆರಂಭಿಸಿ, ಟೇಬಲು ಒರೆಸುವ ಮಾಣಿಯಾಗಿ, ಸಪ್ಲೈಯರ್ ಎನ್ನಿಸಿಕೊಳ್ಳುವಷ್ಟರ ಮಟ್ಟಿಗೆ ನಾವು ಆಗ ಏರಿದ್ದೆವು. ಸಂಜೆ ಆರಕ್ಕೆ ಏಪ್ರನ್ ಕಳಚಿ ಮುಖ ತೊಳೆದು, ತಿಲಕ್ ಸೇತುವೆ ದಾಟಿ ಪೂರ್ವಕ್ಕೆ ಹೋದರೆ ಕನ್ನಡದ ರಾತ್ರಿಶಾಲೆ.

ಮುಂಬಯಿಯ ರಾತ್ರಿಶಾಲೆಗಳ ಕಥೆಯನ್ನು ಇಲ್ಲಿಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೊಗವೀರರು, ಬಿಲ್ಲವರು ಮೊದಲಾಗಿ ಕರಾವಳಿಯಿಂದ ಬಂದ ಸಮಾಜಗಳು ತಮ್ಮ ಸಂಘಗಳ ಮೂಲಕ ನಡೆಸಿದ ಈ ಶಾಲೆಗಳು ಹೋಟೆಲಿನ ಹುಡುಗರನ್ನು ಗುಮಾಸ್ತರನ್ನಾಗಿ, ವಕೀಲರನ್ನಾಗಿ, ಕೆಲವೊಮ್ಮೆ ಹೋಟೆಲಿನ ಧಣಿಗಳನ್ನಾಗಿಯೂ ಮಾಡಿವೆ. ಆದರೆ ಈ ಯಶಸ್ಸಿನ ಕಥೆಗಳಲ್ಲಿ ಒಂದು ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಶಾಲೆಗೆ ಹೋಗುವ ಅನುಮತಿ ಧಣಿಯ ಔದಾರ್ಯವಾಗಿತ್ತೇ ಹೊರತು ನಮ್ಮ ಹಕ್ಕಾಗಿರಲಿಲ್ಲ. ಸಂಜೆಯ ಮೂರು ಗಂಟೆಗಳನ್ನು ಕೊಟ್ಟ ಕೈ ಯಾವ ದಿನವಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದಾಗಿತ್ತು. ನಾವು ನಾಲ್ವರೂ ಈ ಮಾತನ್ನು ಬಾಯಲ್ಲಿ ಆಡದಿದ್ದರೂ ಪ್ರತಿ ಉಸಿರಿಗೂ ಬಲ್ಲವರಾಗಿದ್ದೆವು.

ನಮ್ಮ ಇಂಗ್ಲಿಷ್ ಮಾಸ್ತರರು ಹಗಲು ಕೋಟೆಯ ಕಡೆ ಒಂದು ಕಂಪೆನಿಯಲ್ಲಿ ಗುಮಾಸ್ತರು. ರಾತ್ರಿ ಏಳಕ್ಕೆ ನಮ್ಮ ಮುಂದೆ ನಿಲ್ಲುವಾಗ ಅವರ ಅಂಗಿಯ ಬೆನ್ನು ಲೋಕಲ್ ರೈಲಿನ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಹಿಂದೂ ಕಾಲನಿಯ ದಾರಿಯಲ್ಲಿ ಒಮ್ಮೆ ನಮ್ಮೊಂದಿಗೆ ನಡೆದು ಬರುತ್ತಾ ‘ರಾಜಗೃಹ’ದ ಎದುರು ನಿಂತು, ಈ ಮನೆಯನ್ನು ಬಾಬಾಸಾಹೇಬ ಅಂಬೇಡ್ಕರರು ತಮ್ಮ ಪುಸ್ತಕಗಳಿಗೆ ಜಾಗ ಸಾಲದೆ ಕಟ್ಟಿಸಿದರು ಎಂದು ಹೇಳಿದ್ದರು. 1930ರ ದಶಕದಲ್ಲಿ ಕಟ್ಟಿದ ಆ ಮನೆಯ ಎದುರು ನಾವು ವರ್ಷಗಟ್ಟಲೆ ಹಾದುಹೋಗಿದ್ದೆವು. ಪುಸ್ತಕಗಳಿಗಾಗಿ ಮನೆ ಕಟ್ಟುವುದೆಂದರೆ ಏನೆಂದು, ಪೆಟ್ಟಿಗೆಯಲ್ಲಿ ಎರಡು ಅಂಗಿ ಇಡಲು ಜಾಗ ಹುಡುಕುವ ಹುಡುಗರಿಗೆ ಹೊಳೆಯಲೇ ಇಲ್ಲ.

1970ರ ಏಪ್ರಿಲ್ ಕೊನೆಗೆ ಶಾಲೆಗೆ ರಜೆ ಕೊಡುವ ದಿನ ಮಾಸ್ತರರು ಹೇಳಿದರು: “ಬರುವ ಜೂನ್ 9ಕ್ಕೆ ಡಿಕನ್ಸ್ ತೀರಿಕೊಂಡು ನೂರು ವರ್ಷ. ಮುಂದಿನ ವರ್ಷ ನಿಮಗೆ ಎಸ್.ಎಸ್.ಸಿ. ನಿಮ್ಮಲ್ಲಿ ಹೆಚ್ಚಿನವರು ನಪಾಸಾಗುವುದು ಇಂಗ್ಲಿಷಿನಲ್ಲಿ. ಗೈಡ್ ಓದಿ ಯಾರೂ ಉದ್ಧಾರವಾಗಿಲ್ಲ. ರಜೆಯಲ್ಲಿ ಈ ಒಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಕಥೆಯನ್ನು ನಿಮ್ಮದೇ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ತನ್ನಿ. ಪಿಪ್ ಎಂಬ ಹುಡುಗ ಒಳ್ಳೆಯವನೋ ಕೆಟ್ಟವನೋ, ಅದನ್ನೂ ಹೇಳಿ.” ಆಗ ಹನ್ನೊಂದನೆಯ ತರಗತಿಗೆ ಎಸ್.ಎಸ್.ಸಿ.; ಹತ್ತಕ್ಕೇ ಆ ಪರೀಕ್ಷೆ ಬಂದದ್ದು 1975ರಲ್ಲಿ.

ಮೂಲ ಕಾದಂಬರಿ ನಮ್ಮ ಪಾಲಿಗೆ ಹಿಮಾಲಯ. ಮಾಸ್ತರರು ಹೇಳಿದ್ದು ಶಾಲಾಮಕ್ಕಳಿಗೆಂದು ಸರಳಗೊಳಿಸಿದ ಸಂಕ್ಷಿಪ್ತ ಆವೃತ್ತಿಯನ್ನು. ಇಂಥ ಪುಸ್ತಕಗಳನ್ನು ಕಂಡು ಮೂಗು ಮುರಿಯುವ ಪಂಡಿತರಿದ್ದಾರೆ. ಅವರಿಗೆ ಒಂದು ಮಾತು ನೆನಪಿಸಬೇಕು. ಶಬ್ದಸಂಖ್ಯೆಗೆ ಮಿತಿ ಹಾಕಿ ಪಾಠಪುಸ್ತಕ ಬರೆಯುವ ಕೆಲಸಕ್ಕೆ ಹೆಸರಾದ ಮೈಕೆಲ್ ವೆಸ್ಟ್ ಎಂಬ ಶಿಕ್ಷಣಾಧಿಕಾರಿ ಆ ವಿಚಾರವನ್ನು ರೂಪಿಸಿದ್ದು ಲಂಡನ್ನಿನಲ್ಲಿ ಕುಳಿತಲ್ಲ, 1920ರ ದಶಕದ ಢಾಕಾದಲ್ಲಿ. ಬಂಗಾಳದ ಮಗುವಿಗೆ ಇಂಗ್ಲಿಷ್ ಮಾತಾಡುವುದಕ್ಕಿಂತ ಓದುವುದು ಮೊದಲು ಬೇಕೆಂದು ಅವನು ಕಂಡುಕೊಂಡ. ಹಾಗೆ ನೋಡಿದರೆ ಅವನ ಪುಸ್ತಕಗಳು ಹುಟ್ಟಿದ್ದೇ ನಮ್ಮಂಥವರಿಗಾಗಿ.

ಸ್ಟೇಶನ್ನಿನ ಹೊರಗೆ ಫುಟ್‌ಪಾತಿನಲ್ಲಿ ಎಪ್ಪತ್ತೈದು ಪೈಸೆಗೆ ಒಂದು ಪ್ರತಿ ಸಿಕ್ಕಿತು. ನಾಲ್ವರೂ ದುಡ್ಡು ಕೂಡಿಸಿ ಕೊಂಡೆವು. ಅದರ ಬೆನ್ನಿನ ಗೋಂದು ಒಣಗಿ, ಹೊಲಿಗೆ ಸಡಿಲಿ, ಕೈಗೆತ್ತಿಕೊಂಡರೆ ಪುಟಗಳು ಕಂತೆಕಂತೆಯಾಗಿ ಕಳಚುತ್ತಿದ್ದವು. ಹಾಗಾಗಿ ಪುಸ್ತಕವನ್ನು ಹರಿದೆವು ಎನ್ನುವುದಕ್ಕಿಂತ ಅದು ತಾನಾಗಿಯೇ ನಾಲ್ಕಾಯಿತು ಎನ್ನಬೇಕು. ಒಬ್ಬೊಬ್ಬ ಒಂದೊಂದು ಪಾಲನ್ನು ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಹೊದಿಸಿ ಇಟ್ಟುಕೊಂಡ. ಪ್ರತಿ ಭಾನುವಾರ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಶಿವಾಜಿ ಪಾರ್ಕಿನ ಕಟ್ಟೆಯ ಮೇಲೆ ಬೀದಿದೀಪದ ಕೆಳಗೆ ಕುಳಿತು, ಓದಿದವನು ತನ್ನ ಪಾಲಿನ ಕಥೆಯನ್ನು ಉಳಿದವರಿಗೆ ಹೇಳುವುದು, ಆಮೇಲೆ ಪಾಲುಗಳನ್ನು ಅದಲುಬದಲು ಮಾಡಿಕೊಳ್ಳುವುದು ಎಂದು ಗೊತ್ತುಮಾಡಿದೆವು. ಮೊದಲನೆಯ ಪಾಲು ಕಾರ್ಕಳದವನಿಗೆ, ಎರಡನೆಯದು ಕುಂಬಳೆಯವನಿಗೆ, ಮೂರನೆಯದು ಅಂಕೋಲೆಯವನಿಗೆ. ಮರವಂತೆಯವನು ನಮ್ಮೆಲ್ಲರಲ್ಲಿ ಇಂಗ್ಲಿಷ್ ಬಲ್ಲವನು. ಅವನಿಗೆ ಕೊನೆಯ ಪಾಲು.

ಡಿಕನ್ಸನ ಓದುಗರಿಗೂ ಆ ಕಥೆ ಮೊದಲು ಸಿಕ್ಕಿದ್ದು ಹೀಗೆಯೇ ತುಂಡುತುಂಡಾಗಿ ಎಂಬುದು ನಮಗೆ ಬಹಳ ಕಾಲದ ನಂತರ ತಿಳಿಯಿತು. 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ಅವನದೇ ವಾರಪತ್ರಿಕೆಯಲ್ಲಿ 36 ಕಂತುಗಳಾಗಿ ಅದು ಪ್ರಕಟವಾಯಿತು.

ರಜೆ ಎಂಬುದು ಶಾಲೆಗೆ ಮಾತ್ರ. ಶಾಲೆಯಿಲ್ಲದ ಮೇಲೆ ಸಂಜೆಯ ಬಿಡುವೂ ಇಲ್ಲವೆಂದು ಧಣಿಗಳು ಮೊದಲ ದಿನವೇ ಹೇಳಿಬಿಟ್ಟಿದ್ದರು. ಹೀಗಾಗಿ ಓದಿಗೆ ಸಿಗುತ್ತಿದ್ದುದು ರಾತ್ರಿ ಅಟ್ಟದ ಮೇಲಿನ ಅರ್ಧ ಗಂಟೆ, ಮತ್ತು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಗಿರಾಕಿಗಳು ವಿರಳವಾಗಿರುವ ಹೊತ್ತು. ಆ ಹೊತ್ತಿನಲ್ಲಿ ಒಬ್ಬಿಬ್ಬರು ಹಿಂಬದಿಯ ಅಕ್ಕಿಚೀಲಗಳ ಮರೆಗೆ ಸರಿಯುತ್ತಿದ್ದೆವು.

ಆ ಓದಿನ ಸುಖವನ್ನು ಹೇಗೆ ವರ್ಣಿಸುವುದು! ಒಂದು ಪುಟಕ್ಕೆ ಹತ್ತು ಸಲ ನಿಘಂಟು ತೆರೆಯಬೇಕು. ಹೆಸರಿನಲ್ಲಿಯೇ ತೊಡಕು ಶುರು. ‘ಎಕ್ಸ್‌ಪೆಕ್ಟೇಷನ್’ ಎಂದರೆ ನಿರೀಕ್ಷೆ ಎಂದಿತು ನಿಘಂಟು. ನಿರೀಕ್ಷೆ ಎಂಬ ಮಾತು ನಮಗೆ ಊರಿನ ಕಾಗದಗಳಿಂದ ಚೆನ್ನಾಗಿ ಪರಿಚಿತ. ಮನಿಯಾರ್ಡರಿನ ನಿರೀಕ್ಷೆಯಲ್ಲಿದ್ದೇವೆ ಎಂದೇ ಪ್ರತಿ ಕಾಗದವೂ ಮುಗಿಯುತ್ತಿತ್ತು. ಆದ್ದರಿಂದ ಇದು ಮನೆಗೆ ಹಣ ಕಳಿಸಬೇಕಾದ ಹುಡುಗನ ಕಥೆಯೆಂದು ಕುಂಬಳೆಯವನು ತೀರ್ಮಾನಿಸಿಬಿಟ್ಟ. ಆ ಕಾಲದ ಇಂಗ್ಲೆಂಡಿನಲ್ಲಿ ಆ ಮಾತಿಗೆ ಮುಂದೆ ಕೈಸೇರಲಿರುವ ಆಸ್ತಿ ಎಂಬ ಅರ್ಥವಿತ್ತೆಂದು ಮಾಸ್ತರರು ಆಮೇಲೆ ಹೇಳಿದರು. ಆದರೆ ಕುಂಬಳೆಯವನ ಅರ್ಥವೇ ನಮ್ಮ ಮನಸ್ಸಿನಲ್ಲಿ ಉಳಿಯಿತು. ಪಿಪ್ ಓಡಿಹೋದ ಕೈದಿಗೆಂದು ಅಕ್ಕನ ಉಗ್ರಾಣದಿಂದ ಕದ್ದ ಹಂದಿಮಾಂಸದ ಕಡುಬು ಶಾಕಾಹಾರಿ ಹೋಟೆಲಿನ ನಮ್ಮನ್ನು ಎರಡು ರಾತ್ರಿ ಕಾಡಿತು. ಅದು ಪತ್ರೊಡೆಯಂತೆ ಸುತ್ತಿದ್ದೋ ಸುಕ್ರುಂಡೆಯಂತೆ ಕರಿದದ್ದೋ ಎಂದು ವಾದ ನಡೆಯಿತು. ಕುಲುಮೆಯ ಭಾವ ಜೋ ಕಾರ್ಕಳದವನ ಬಾಯಲ್ಲಿ ‘ಆಚಾರಿ’ಯಾದ. ಮದುವೆ ಮುರಿದ ಗಳಿಗೆಯಲ್ಲಿ ಗಡಿಯಾರಗಳನ್ನೆಲ್ಲ ನಿಲ್ಲಿಸಿ, ಹಳದಿಯಾದ ಮದುವೆಯ ಉಡುಪಿನಲ್ಲೇ ಮುದುಕಿಯಾದ ಮಿಸ್ ಹ್ಯಾವಿಶಾಮಳ ಕಥೆಯನ್ನು ಅವನು ಹೇಳಿದಾಗ ಅಂಕೋಲೆಯವನು ತಮ್ಮೂರಿನಲ್ಲೂ ಅಂಥವಳೊಬ್ಬಳಿದ್ದಾಳೆ ಎಂದ. ಎರಡು ಮನೆಗಳ ಕಥೆಯೂ ಒಟ್ಟಿಗೆ ಬೆರೆತು, ಯಾವುದು ಡಿಕನ್ಸನದು ಯಾವುದು ಅಂಕೋಲೆಯದು ಎಂದು ಈಗಲೂ ನಮಗೆ ಕೆಲವೆಡೆ ಅನುಮಾನ. ನಾಲ್ವರ ಕನ್ನಡವೂ ನಾಲ್ಕು ಬಗೆ. ಆ ನಾಲ್ಕು ಕನ್ನಡಗಳಲ್ಲಿ ಕೇಳಿದ ಕಥೆಯನ್ನು ಮರುವಾರ ಇಂಗ್ಲಿಷಿನಲ್ಲಿ ಓದುವಾಗ ಗೊತ್ತಿಲ್ಲದ ಶಬ್ದಗಳೂ ತಾವಾಗಿ ದಾರಿ ಬಿಡುತ್ತಿದ್ದವು. ಮಾಸ್ತರರು ಬಯಸಿದ್ದು ಇದನ್ನೇ ಇದ್ದಿರಬೇಕು.

ಕೊನೆಯಲ್ಲಿ ಏನಾಗುತ್ತದೆಂದು ಮರವಂತೆಯವನನ್ನು ಪೀಡಿಸುತ್ತಿದ್ದೆವು. ತನ್ನ ಪಾಲನ್ನು ಅವನು ಮೊದಲ ವಾರದಲ್ಲೇ ಓದಿ ಮುಗಿಸಿದ್ದನೆಂದು ನಮಗೆ ಗುಮಾನಿ. “ಈಗ್ಳೇ ಹೇಳ್ರೆ ನೀವ್ ಓದುದಿಲ್ಲ” ಎಂದು ನಕ್ಕುಬಿಡುತ್ತಿದ್ದ.

ಮೂರನೆಯ ಪಾಲಿನ ಕೊನೆಯಲ್ಲಿ ಥೇಮ್ಸ್ ನದಿಯ ದೋಣಿಯ ಪ್ರಸಂಗ ಬರುತ್ತದೆ. ಪಿಪ್ಪನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಲು ಗುಟ್ಟಾಗಿ ಹಣ ಕಳಿಸುತ್ತಿದ್ದವನು ಅವನು ಕನಸಿನಲ್ಲೂ ಎಣಿಸಿರದ ಆ ಹಳೆಯ ಕೈದಿ ಮ್ಯಾಗ್ವಿಚ್. ಗಡೀಪಾರಾದವನು ಕದ್ದು ಹಿಂತಿರುಗಿದ್ದಾನೆ, ಸಿಕ್ಕಿಬಿದ್ದರೆ ನೇಣು. ಅವನನ್ನು ನದಿಯ ಕೆಳಹರಿವಿನಲ್ಲಿ ಹ್ಯಾಂಬರ್ಗಿನ ಹಡಗಿಗೆ ಹತ್ತಿಸಬೇಕೆಂದು ಪಿಪ್ ಮತ್ತು ಗೆಳೆಯರು ದೋಣಿ ಹುಟ್ಟು ಹಾಕುತ್ತಾರೆ. ಅಂಕೋಲೆಯವನಿಗೆ ಅಲ್ಲಿ ನೀರಿನ ಲೆಕ್ಕವೇ ಅರ್ಥವಾಗಲಿಲ್ಲ. ಯಾವಾಗ ಹೊರಟರು, ಏಕೆ ಕಾದರು, ನದಿ ಹಿಂದಕ್ಕೆ ಹರಿಯುವುದೆಂದರೇನು? ಮರವಂತೆಯವನು ದೋಣಿಯ ಮನೆತನದವನು. ಒಂದು ಪಕ್ಕದಲ್ಲಿ ಕಡಲು, ರಸ್ತೆಯ ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ಹೊಳೆ ಇರುವ ಊರು ಅವನದು. ಮೇ ಕೊನೆಯ ವಾರದ ಒಂದು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಅಕ್ಕಿಚೀಲಗಳ ಹಿಂದೆ ಅವನು ನೆಲದ ಮೇಲೆ ನೀರಿನಿಂದ ಹೊಳೆಯ ಗೆರೆ ಎಳೆದು, ಕಡಲಿನ ಭರತ ಹೊಳೆಯೊಳಗೆ ಹೇಗೆ ನುಗ್ಗುತ್ತದೆ, ಇಳಿತಕ್ಕೆ ಕಾದು ದೋಣಿ ಬಿಟ್ಟರೆ ಹುಟ್ಟಿನ ಕೆಲಸ ಎಷ್ಟು ಹಗುರ ಎಂದು ನಮಗೆ ತೋರಿಸಿಕೊಟ್ಟ. ಎರಡು ಸ್ಟೀಲ್ ಲೋಟಗಳು ಹಡಗುಗಳಾದವು. ನಾಲ್ವರೂ ಅಲ್ಲಿದ್ದೆವು. ಇರಬಾರದಿತ್ತು, ಒಬ್ಬನಾದರೂ ಹೊರಗಿರಬೇಕೆಂಬುದು ನಮ್ಮದೇ ಕಟ್ಟಳೆ. ಆ ದಿನ ದೋಣಿಯ ಕುತೂಹಲದಲ್ಲಿ ಅದನ್ನು ಮರೆತೆವು.

ಅಷ್ಟರಲ್ಲಿ ಅವನ ಟೇಬಲಿನಲ್ಲಿ ತಿಂಡಿ ತಿನ್ನುತ್ತಿದ್ದ ನಾಲ್ವರು ದುಡ್ಡು ಕೊಡದೆ ಎದ್ದುಹೋದರು. ಎರಡು ರೂಪಾಯಿ ನಲವತ್ತು ಪೈಸೆ.

ಗಿರಾಕಿ ತಪ್ಪಿಸಿಕೊಂಡರೆ ಆ ಟೇಬಲಿನ ಸಪ್ಲೈಯರನ ಸಂಬಳದಿಂದ ಮುರಿದುಕೊಳ್ಳುವುದು ವಾಡಿಕೆ. ಅಷ್ಟಕ್ಕೇ ಮುಗಿದಿದ್ದರೆ ನಾವು ನಾಲ್ವರೂ ಹಂಚಿಕೊಂಡು ಕೊಟ್ಟುಬಿಡುತ್ತಿದ್ದೆವು. ಆದರೆ ಗಲ್ಲೆಯಲ್ಲಿ ಕುಳಿತಿದ್ದ ಧಣಿಗಳಿಗೆ ಆ ದಿನ ಬೇರೆ ಸಂಶಯ ಹೊಕ್ಕಿತು. ಗಿರಾಕಿಗಳು ದುಡ್ಡನ್ನು ಇವನ ಕೈಗೇ ಕೊಟ್ಟರು, ಇವನು ನುಂಗಿದ ಎಂದರು. ರಾತ್ರಿ ಶಟರು ಎಳೆದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅವನನ್ನು ಕೇಳಿದರು: “ಆ ಹೊತ್ತಿಗೆ ನೀನು ಎಲ್ಲಿ ಸತ್ತಿದ್ದೆ?”

ಅವನು ಉತ್ತರ ಕೊಡಲಿಲ್ಲ. ಒಮ್ಮೆ ನಮ್ಮ ಕಡೆ ನೋಡಿದ.

ಹಿಂದೆ ಓದುತ್ತಿದ್ದೆ ಎಂದು ಅವನು ಹೇಳಿದ್ದರೆ ಯಾರೊಂದಿಗೆ ಎಂಬ ಪ್ರಶ್ನೆ ಬರುತ್ತಿತ್ತು. ಕೆಲಸದ ಹೊತ್ತಿನಲ್ಲಿ ಪುಸ್ತಕ ಹಿಡಿದದ್ದು ಗೊತ್ತಾದರೆ ಜೂನ್ ತಿಂಗಳಿನಿಂದ ರಾತ್ರಿಶಾಲೆ ನಾಲ್ವರಿಗೂ ಬಂದ್, ಅದೂ ಎಸ್.ಎಸ್.ಸಿ. ವರ್ಷ. ಇಷ್ಟು ಲೆಕ್ಕ ಹಾಕಲು ನಮ್ಮಲ್ಲಿ ಯಾರಿಗೂ ಕ್ಷಣ ಹಿಡಿಯಲಿಲ್ಲ. ಅವನು ನಮ್ಮೊಂದಿಗಿದ್ದ ಎಂದು ಹೇಳಲು ಮೂರು ಬಾಯಿಗಳಿದ್ದವು. ಮೂವರೂ ನೆಲ ನೋಡಿದೆವು. ಯಾರ ಕಣ್ಣೂ ಯಾರ ಕಣ್ಣನ್ನೂ ಸಂಧಿಸಲಿಲ್ಲ. ಆದರೂ ಮೊದಲೇ ಮಾತಾಡಿಕೊಂಡವರಂತೆ ಮೂವರೂ ಸುಮ್ಮನಿದ್ದೆವು. ಹುಡುಗರಾಗಿದ್ದೆವು, ಹೆದರಿದ್ದೆವು ಎಂದು ಆಮೇಲೆ ನಮಗೆ ನಾವೇ ಹೇಳಿಕೊಂಡದ್ದುಂಟು. ಅವನೂ ಹುಡುಗನೇ ಆಗಿದ್ದ.

ಆ ರಾತ್ರಿಯೇ ಅವನನ್ನು ಬಿಡಿಸಿದರು. ಅಟ್ಟಕ್ಕೆ ಹತ್ತಿ ತಗಡಿನ ಪೆಟ್ಟಿಗೆ ತುಂಬಿಕೊಂಡ. ನಾವು ಸಹಾಯಕ್ಕೆ ಹೋದಾಗ ಬೇಡವೆನ್ನಲಿಲ್ಲ. ಹಗ್ಗದ ಒಂದು ತುದಿಯನ್ನು ನಮ್ಮ ಕೈಗೆ ಕೊಟ್ಟ. ಕಾರ್ಕಳದವನು ತನ್ನಲ್ಲಿದ್ದ ಐದು ರೂಪಾಯಿಯನ್ನು ಕೊಡಹೋದಾಗ, “ಇಟ್ಕೊ, ಫೀಸಿಗೆ ಬೇಕಾತ್” ಎಂದ. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿನಿಂದ ಅಂದಿದ್ದರೆ ಒಳ್ಳೆಯದಿತ್ತು. ಕೊನೆಯ ಪಾಲು, ಕ್ಯಾಲೆಂಡರಿನ ಲಕ್ಷ್ಮೀಚಿತ್ರದ ಹೊದಿಕೆಯೊಳಗೆ, ಅವನ ಪೆಟ್ಟಿಗೆಯಲ್ಲೇ ಹೋಯಿತು. ಕೇಳುವ ಮುಖ ಯಾರಿಗೂ ಇರಲಿಲ್ಲ.

ಜೂನ್ ಮಧ್ಯಕ್ಕೆ ಶಾಲೆ ತೆರೆಯಿತು. ಮೂವರೂ ಎರಡೆರಡು ಪುಟ ಬರೆದು ಒಯ್ದೆವು. ಹಡಗು ದೋಣಿಯ ಮೇಲೆ ಏರಿಬರುವಲ್ಲಿಗೆ ನಮ್ಮ ಪುಸ್ತಕ ನಿಂತುಹೋಗಿತ್ತು. ಅಲ್ಲಿಂದ ಮುಂದಿನದು ನಮ್ಮದೇ ಸೃಷ್ಟಿ. ಕಾರ್ಕಳದವನು ಮ್ಯಾಗ್ವಿಚ್ಚನನ್ನು ಹ್ಯಾಂಬರ್ಗಿಗೆ ದಾಟಿಸಿ ಅಲ್ಲಿಂದ ಮನಿಯಾರ್ಡರ್ ಕಳಿಸುವಂತೆ ಮಾಡಿದ. ಕುಂಬಳೆಯವನು ಪಿಪ್ಪನಿಗೂ ಎಸ್ಟೆಲ್ಲಾಳಿಗೂ ಮದುವೆ ಮಾಡಿಸಿ, ಜೋನನ್ನು ಊಟದ ಪಂಕ್ತಿಯಲ್ಲಿ ಮೊದಲಿಗನನ್ನಾಗಿ ಕೂರಿಸಿದ. ಅಂಕೋಲೆಯವನ ಪಿಪ್ ಲಂಡನ್ ಬಿಟ್ಟು ಕುಲುಮೆಗೆ ಹಿಂತಿರುಗಿ ಸುತ್ತಿಗೆ ಹಿಡಿದ. ಪಿಪ್ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಗೆ ಮೂವರೂ ಒಂದೇ ಮಾತು ಬರೆದಿದ್ದೆವು: ತನಗೆ ಉಪಕಾರ ಮಾಡಿದವರನ್ನು ಮರೆತನು, ಆದಕಾರಣ ಕೆಟ್ಟವನು. ಅದನ್ನು ಬರೆಯುವಾಗ ಕೈ ನಡುಗಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಾಗುಣಿತ ತಪ್ಪದಿರಲೆಂಬುದೇ ಆಗಿನ ಚಿಂತೆ.

ಮಾಸ್ತರರು ಮೂರನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಮೂವರಿಗೂ ಹತ್ತಕ್ಕೆ ಆರು ಕೊಟ್ಟರು. ಕೊನೆಯನ್ನು ಎಲ್ಲಿಂದ ತಂದಿರಿ ಎಂದು ಕೇಳಲಿಲ್ಲ. “ನಾಲ್ಕನೆಯವನೆಲ್ಲಿ?” ಎಂದರು. “ಊರಿಗೆ ಹೋದ ಸರ್” ಎಂದೆವು. ಅವರು ಹಾಜರಿ ಪುಸ್ತಕದಲ್ಲಿ ಏನೋ ಬರೆದುಕೊಂಡು, ಕನ್ನಡಕ ತೆಗೆದು ಒರೆಸುತ್ತಾ, “ಅವನು ಪಾಸಾಗುತ್ತಿದ್ದ” ಎಂದಷ್ಟೇ ಹೇಳಿದರು.

ಮುಂದಿನ ವರ್ಷ ಮೂವರೂ ಪಾಸಾದೆವು. ಬ್ಯಾಂಕುಗಳು ರಾಷ್ಟ್ರೀಕರಣವಾಗಿ ಊರೂರಿಗೆ ಶಾಖೆಗಳನ್ನು ತೆರೆಯುತ್ತಿದ್ದ ಕಾಲವದು; ಇಬ್ಬರು ಬ್ಯಾಂಕು ಸೇರಿದೆವು, ಒಬ್ಬ ರೈಲ್ವೆ. ಮಾಹೀಮಿನ ಕರ್ನಾಟಕ ಸಂಘದಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಭಾಷಣ ಕೇಳಿದೆವು, ಪುಸ್ತಕ ಕೊಂಡೆವು. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂದಾಗ ಮೂವರೂ ಒಂದೇ ಪ್ರತಿಯನ್ನು ಸರದಿಯ ಮೇಲೆ ಓದಿದೆವು. ಮೂರು ಪ್ರತಿ ಕೊಳ್ಳುವ ಶಕ್ತಿ ಆಗ ಇತ್ತು. ಆದರೂ ಹಾಗೆ ಓದಿದೆವು. ಡಿಕನ್ಸನ ಆ ಪುಸ್ತಕದ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಅದರ ಇಡೀ ಪ್ರತಿ ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು. ನಾಯಗಾಂವಿನಲ್ಲಿ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯ, ಛಬಿಲ್‌ದಾಸ್ ಶಾಲೆಯ ಬಳಿ ಐಡಿಯಲ್ ಪುಸ್ತಕದಂಗಡಿ: ಪುಸ್ತಕಕ್ಕೆ ಬರಗಾಲವಿದ್ದ ಬಡಾವಣೆಯಲ್ಲ ದಾದರ್.

1990ರ ದಶಕದ ಆರಂಭದ ಒಂದು ಶನಿವಾರ ಮಾಟುಂಗದ ಕಿಂಗ್ಸ್ ಸರ್ಕಲ್ಲಿನ ಹಳೆ ಪುಸ್ತಕಗಳ ಸಾಲಿನಲ್ಲಿ ಅದು ಕುಂಬಳೆಯವನ ಕಣ್ಣಿಗೆ ಬಿತ್ತು. ಮೂವರೂ ಒಟ್ಟಿಗಿದ್ದೆವು. ಅವನು ನಿಂತಲ್ಲಿಯೇ ಕೊನೆಯ ಅಧ್ಯಾಯಗಳನ್ನು ತೆರೆದ. ನಾವು ಅವನ ಹೆಗಲ ಮೇಲಿಂದ ಓದಿದೆವು. ಮ್ಯಾಗ್ವಿಚ್ ಸಿಕ್ಕಿಬೀಳುತ್ತಾನೆ. ನೇಣಿಗೆ ಮುನ್ನ ಸೆರೆಮನೆಯಲ್ಲೇ ಸಾಯುತ್ತಾನೆ. ಪಿಪ್ಪನ ಕೈಯಲ್ಲಿ ಒಂದು ಕಾಸೂ ಉಳಿಯುವುದಿಲ್ಲ; ಸಾಲಗಾರರು ಹಿಡಿಯಲು ಬಂದಾಗ ಜ್ವರದಲ್ಲಿ ಬಿದ್ದಿರುತ್ತಾನೆ. ಎಚ್ಚರವಾದಾಗ ಪಕ್ಕದಲ್ಲಿ ಜೋ. ಯಾವ ಭಾವನನ್ನು ಕಂಡು ನಾಚಿದ್ದನೋ ಅದೇ ಭಾವ ವಾರಗಟ್ಟಲೆ ಅವನ ಶುಶ್ರೂಷೆ ಮಾಡುತ್ತಾನೆ. ಪಿಪ್ ಚೇತರಿಸಿಕೊಂಡಷ್ಟೂ ಜೋ ಸಂಕೋಚದಿಂದ ದೂರ ಸರಿಯುತ್ತಾನೆ. ಒಂದು ಮುಂಜಾನೆ ಹೇಳದೆ ಹೊರಟುಹೋಗುತ್ತಾನೆ. ಮೇಜಿನ ಮೇಲೆ ಒಂದು ಚೀಟಿ, ಜೊತೆಗೆ ಪಿಪ್ಪನ ಸಾಲವನ್ನು ತೀರಿಸಿದ ರಸೀದಿ.

ಕುಂಬಳೆಯವನು ಪುಸ್ತಕ ಮುಚ್ಚಿದ. ಅಂಗಡಿಯವನು ಹತ್ತು ರೂಪಾಯಿ ಎಂದ. ಯಾರೂ ಕೊಳ್ಳಲಿಲ್ಲ. ಕೆಫೆ ಮದ್ರಾಸಿನಲ್ಲಿ ಕಾಫಿ ಕುಡಿಯುವಾಗ ಕುಂಬಳೆಯವನೇ ಮಾತು ತೆಗೆದ: “ಅವನು ಇದನ್ನು ಓದಿದ್ದ ಮಾರಾಯ. ಓದಿದ್ದೇ ಆ ರಾತ್ರಿ ಹೋದ.” ಇಪ್ಪತ್ತು ವರ್ಷಗಳಲ್ಲಿ ಆ ರಾತ್ರಿಯ ಬಗ್ಗೆ ನಾವು ಆಡಿದ ಮೊದಲ ಮಾತು ಅದು.

1998ರ ಜನವರಿಯಲ್ಲಿ ಕೊಂಕಣ ರೈಲ್ವೆಯ ದಾರಿ ಪೂರ್ತಿ ತೆರೆಯಿತು. ಆ ಮೇ ತಿಂಗಳಲ್ಲಿ ಅಂಕೋಲೆಯವನು ಊರಿಗೆ ಹೋದವನು ಬೈಂದೂರಿನವರೆಗೂ ಹೋಗಿ ಅಲ್ಲಿಳಿದು ಬಸ್ಸಿನಲ್ಲಿ ಮರವಂತೆಗೆ ಹೋದ. ಹೊಳೆದಡದ ಮನೆ ಬೇರೆಯವರ ಕೈಸೇರಿತ್ತು. ಬಂದರಿನ ಬಳಿಯ ಅಂಗಡಿಯೊಬ್ಬರು ನೆನಪಿಸಿಕೊಂಡು, ಬೊಂಬಾಯಿಯಿಂದ ಬಂದ ವರ್ಷವೇ ಹುಬ್ಬಳ್ಳಿಯ ಕಡೆ ಹೋಟೆಲ್ ಕೆಲಸಕ್ಕೆ ಹೋದ, ತಾಯಿ ತೀರಿಕೊಂಡ ಮೇಲೆ ಬಂದದ್ದಿಲ್ಲ ಎಂದರು. ಹುಬ್ಬಳ್ಳಿಗೆ ನಾವು ಹೋಗಲಿಲ್ಲ. ಹೋಗಿ ಏನು ಹೇಳಬೇಕೆಂದು ಮೂವರೂ ಸೇರಿ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ ಎಂಬುದು ಒಂದು ನೆಪ. ಕಾರಣ ಏನೆಂದು ನಮಗೆ ಗೊತ್ತಿದೆ. ಕುಂಬಳೆಯವನು ಎರಡು ವರ್ಷದ ಹಿಂದೆ ತೀರಿಕೊಂಡ.

ಮತ್ತೆ ಮೊಮ್ಮಗನ ಪಟ್ಟಿಗೆ ಬರೋಣ. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಇನ್ನು ನಮ್ಮ ಮನೆಗಳ ಮಕ್ಕಳಿಗೆ ಅದು ಅಂಬೆಗಾಲಿನ ಭಾಷೆ. ಓದಿಸುವ ಪ್ರಯತ್ನಗಳಿಗೂ ಕೊರತೆಯಿಲ್ಲ. ಕೆಲವು ವರ್ಷಗಳ ಹಿಂದೆ ಸಿ.ಬಿ.ಎಸ್.ಇ. ಒಂಬತ್ತನೆಯ ತರಗತಿಗೆ ‘ಗಲಿವರ್ಸ್ ಟ್ರಾವೆಲ್ಸ್’ ಅಥವಾ ‘ತ್ರೀ ಮೆನ್ ಇನ್ ಎ ಬೋಟ್’, ಹತ್ತನೆಯದಕ್ಕೆ ಆನ್ ಫ್ರಾಂಕಳ ದಿನಚರಿ ಅಥವಾ ಹೆಲೆನ್ ಕೆಲ್ಲರಳ ಆತ್ಮಕಥೆ ಎಂದು ಇಡೀ ಪುಸ್ತಕಗಳನ್ನೇ ಇಟ್ಟಿತ್ತು, ಆಮೇಲೆ ಕೈಬಿಟ್ಟಿತು. ಶಾಲೆಗಳು ರಜೆಯ ಪಟ್ಟಿಗಳನ್ನು ಮಾತ್ರ ಬಿಟ್ಟಿಲ್ಲ. ಆದರೆ ಜೂನ್ ಮೊದಲ ವಾರ ಆ ಓದನ್ನು ಒಪ್ಪಿಸುವವರು ಯಾರು ಎಂದು ನೋಡಿದರೆ ಹೆಚ್ಚಿನ ಮನೆಗಳಲ್ಲಿ ತಾಯಂದಿರು. ಕಥಾಸಾರ ಫೋನಿನಿಂದ, ಹೊದಿಕೆಯ ಚಿತ್ರ ಬೀದಿಯ ಕಲರ್ ಪ್ರಿಂಟಿನ ಅಂಗಡಿಯಿಂದ. ನಾವು ಇದನ್ನು ದೂರುವ ಅಧಿಕಾರವುಳ್ಳವರಲ್ಲ. ಮುಕ್ಕಾಲು ಪುಸ್ತಕ ಓದಿ ಪೂರ್ತಿ ಓದಿದವರಂತೆ ಬರೆದು ಹತ್ತಕ್ಕೆ ಆರು ಪಡೆದವರು.

ಮೊಮ್ಮಗ ಪುಸ್ತಕವನ್ನು ಓದಿದ, ಅರ್ಧ ಓದಿದ ಎನ್ನೋಣ. ಒಂದು ಸಂಜೆ ಫೋನು ಹಿಡಿದು ಕಟ್ಟೆಗೇ ಬಂದ. “ಅಜ್ಜ, ಬೇರೆ ಮುಕ್ತಾಯ ಬರೀಬೇಕಂತೆ. ಆದರೆ ಡಿಕನ್ಸೇ ಎರಡು ಬರೆದಿದ್ದಾನೆ!” ನಮಗಿದು ತಿಳಿದಿರಲಿಲ್ಲ. ಡಿಕನ್ಸ್ ಮೊದಲು ಬರೆದ ಕೊನೆಯಲ್ಲಿ ಪಿಪ್ ವರ್ಷಗಳ ನಂತರ ಲಂಡನ್ನಿನ ಬೀದಿಯಲ್ಲಿ ಎಸ್ಟೆಲ್ಲಾಳನ್ನು ಎದುರಾಗುತ್ತಾನೆ, ಅವಳು ಮರುಮದುವೆಯಾಗಿದ್ದಾಳೆ, ಎರಡು ಮಾತಾಡಿ ಅಗಲುತ್ತಾರೆ. ಅಚ್ಚಿಗೆ ಹೋಗುವ ಮುನ್ನ ಅದನ್ನು ಓದಿದ ಕಾದಂಬರಿಕಾರ ಮಿತ್ರ ಬುಲ್ವರ್ ಲಿಟ್ಟನ್ ಬೇಡವೆಂದ. ಆಗ ಡಿಕನ್ಸ್ ಹಾಳುಬಿದ್ದ ಆ ಮನೆಯ ತೋಟದಲ್ಲಿ ಇಬ್ಬರನ್ನೂ ಸೇರಿಸುವ ಈಗಿನ ಕೊನೆಯನ್ನು ಬರೆದ. ಮೊದಲಿನದು ಬೆಳಕಿಗೆ ಬಂದದ್ದು ಅವನು ಸತ್ತ ಮೇಲೆ, 1874ರಲ್ಲಿ, ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯ ಮೂರನೆಯ ಸಂಪುಟದಲ್ಲಿ.

“ನಿಮಗೆ ಯಾವುದು ಇಷ್ಟ?” ಎಂದು ಕೇಳಿದ. ಎಸ್ಟೆಲ್ಲಾಳ ವಿಷಯದಲ್ಲಿ ನಮಗೆ ಎರಡೂ ಒಂದೇ ಎಂದೆವು. ಎರಡು ಕೊನೆಗಳಲ್ಲೂ ಜೋನ ರಸೀದಿ ಇದ್ದಲ್ಲೇ ಇದೆ.

ಹುಡುಗನಿಗೆ ಅರ್ಥವಾಗಲಿಲ್ಲ. ರಸೀದಿಯ ವಿಷಯ ಏಕೆ ಬಂತು ಎಂದ. ಹಾಗಾಗಿ ನಾಲ್ಕು ಪಾಲಿನ ಕಥೆಯನ್ನು ಹೇಳಿದೆವು. ಹಂದಿಯ ಕಡುಬು, ಅಕ್ಕಿಚೀಲ, ಲೋಟದ ಹಡಗು ಎಲ್ಲವನ್ನೂ. ಮನೆಯಲ್ಲಿ ಈ ಹಿಂದೆ ಹೇಳಿದಾಗಲೆಲ್ಲ ನಾಲ್ಕನೆಯವನು ಊರಿಗೆ ಹೋದ ಎಂಬಲ್ಲಿಗೆ ನಿಲ್ಲಿಸುತ್ತಿದ್ದೆವು. ಈ ಸಲ ನಿಲ್ಲಿಸಲಿಲ್ಲ. ಎರಡು ರೂಪಾಯಿ ನಲವತ್ತು ಪೈಸೆಯವರೆಗೂ, ಸಾಲಾಗಿ ನಿಂತದ್ದರವರೆಗೂ, ನೆಲ ನೋಡಿದ್ದರವರೆಗೂ ಹೇಳಿದೆವು. ಅವನು ಫೋನನ್ನು ಕಿಸೆಗೆ ಹಾಕಿಕೊಂಡು ಕೇಳುತ್ತಿದ್ದ. ಮುಗಿದ ಮೇಲೆ ನಮ್ಮಿಬ್ಬರ ಮುಖವನ್ನೂ ನೋಡಿದ. ಏನಾದರೂ ಅಂದಾನೆಂದು ನಾವು ಕಾದೆವು.

“ಅವನ ಹೆಸರೇನು ಅಜ್ಜ?” ಎಂದು ಕೇಳಿದ.

ಹೇಳಿದೆವು.